ಗಾಡಿಗೆ ಯಾವ ಜಾಲ? 2ಜಿಯಿಂದ 5ಜಿವರೆಗೆ, ಮಂಡ್ಯ–ಮೈಸೂರು ಕಡೆಯ ಮಾಲೀಕರಿಗೊಂದು ಹೋಲಿಕೆ

ಕಬ್ಬು ಅರೆಯುವ ಹಂಗಾಮು ಹತ್ತಿರವಾಗುತ್ತಿದ್ದಂತೆ ಮಂಡ್ಯ ಕಡೆಯ ಗಾಡಿ ಮಾಲೀಕರು, ಗಾಡಿ ಎಲ್ಲಿದೆ ಎಂದು ಮೊಬೈಲಿಗೆ ತಿಳಿಸುವ ಟ್ರ್ಯಾಕರ್ ವಿಚಾರಿಸಲು ಶುರು ಮಾಡುತ್ತಾರೆ. ಅಂಗಡಿಯವರು ಎರಡು ಸಾವಿರ ರೂಪಾಯಿಯದನ್ನೂ ತೋರಿಸುತ್ತಾರೆ, ಐದು ಸಾವಿರದ್ದನ್ನೂ ತೋರಿಸುತ್ತಾರೆ. ಎರಡೂ ಅಂಗೈಯಲ್ಲಿ ಹಿಡಿಯುವಂಥವು, ಎರಡೂ ಮೊಬೈಲಿನಲ್ಲಿ ಒಂದೇ ಬಗೆಯ ನಕ್ಷೆ ತೋರಿಸುತ್ತವೆ. ಹಾಗಿದ್ದರೆ ಹೆಚ್ಚಿನ ಹಣ ಏತಕ್ಕೆ? ಮೈಸೂರಿನಲ್ಲಿ ಟ್ಯಾಕ್ಸಿ ಇಟ್ಟವರ ಗೊಂದಲ ಬೇರೆ: ಆರ್‌ಟಿಒ ಕೇಳುವ ಸಾಧನ ಹಾಕಿಸಿದ ಮೇಲೆ ಇನ್ನೊಂದು ಬೇಕೆ? ಹೊಸ ಕಾರು ನೋಡಲು ಹೋದವರಿಗೆ ಷೋರೂಮಿನವರು ಒಳಗೇ ಸಿಮ್ ಇರುವ ‘ಕನೆಕ್ಟೆಡ್’ ಮಾದರಿಯನ್ನು ಬಾಯಿತುಂಬ ಹೊಗಳುತ್ತಾರೆ. ಮನೆಗೆ ಬಂದರೆ ಕಾಲೇಜಿಗೆ ಹೋಗುವ ಮಗ 5ಜಿ ಕಾರು ಬರುವವರೆಗೆ ಕಾಯೋಣ ಎನ್ನುತ್ತಾನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ನೋಡಬೇಕಾದದ್ದು ಜಾಲದ ವೇಗಕ್ಕಿಂತ ಹೆಚ್ಚಾಗಿ ಅದರ ಆಯುಸ್ಸನ್ನು. ಗಾಡಿಯನ್ನು ನಾವು ಹತ್ತು ಹದಿನೈದು ವರ್ಷ ಓಡಿಸುತ್ತೇವೆ. ಅದರೊಳಗೆ ಕೂರುವ ಸಿಮ್ ಹಿಡಿಯುವ ಜಾಲ ಅಷ್ಟು ಕಾಲ ಇರುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಜಿಪಿಎಸ್‌ಗೂ ಮೊಬೈಲ್ ಜಾಲಕ್ಕೂ ನೇರ ಸಂಬಂಧವಿಲ್ಲ. ಜಿಪಿಎಸ್ ಎಂಬುದು ಕೇಳಿಸಿಕೊಳ್ಳುವ ಕೆಲಸ ಮಾತ್ರ: ಸಾಧನವು ಉಪಗ್ರಹಗಳ ಸಂಕೇತ ಕೇಳಿ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಆ ಲೆಕ್ಕವನ್ನು ನಿಮ್ಮ ಮೊಬೈಲಿಗೆ ತಲುಪಿಸುವುದು 2ಜಿಯೋ 4ಜಿಯೋ ಆದ ಮೊಬೈಲ್ ಜಾಲ. ಆದ್ದರಿಂದ ‘ಜಿಪಿಎಸ್ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ನಿಜಕ್ಕೂ ಟವರಿನ ದೂರುಗಳು.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಗಾಡಿಯ ಮಾತನ್ನು ಯಾರು ಕೇಳಬೇಕು, ಎಷ್ಟು ಬೇಗ ಕೇಳಬೇಕು ಎಂಬುದು. ಲಾರಿ ಪಾಂಡವಪುರ ದಾಟಿತೇ ಎಂದು ತಿಳಿಯಲು ಅರ್ಧ ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ. ಆದರೆ ಮುಂದಿನ ಕಾರು ಗಕ್ಕನೆ ಬ್ರೇಕ್ ಹಾಕಿದ ಸುದ್ದಿ ಹಿಂದಿನ ಕಾರಿಗೆ ಅರ್ಧ ಸೆಕೆಂಡ್ ತಡವಾಗಿ ತಲುಪಿದರೆ ಅದರಿಂದ ಪ್ರಯೋಜನವಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗಿರುತ್ತದೆ.

ಎರಡನೆಯದು, ಗಾಡಿ ಎಲ್ಲಿ ಓಡುತ್ತದೆ ಎಂಬುದು. ಬೆಂಗಳೂರು–ಮೈಸೂರು ದಶಪಥದಲ್ಲಿ ಓಡುವ ಕಾರಿಗೂ, ಎಚ್.ಡಿ. ಕೋಟೆಯಿಂದ ಕಾಡು ಹಾದು ಬಾವಲಿ ಕಡೆ ಹೋಗುವ ಜೀಪಿಗೂ, ಕೆ.ಆರ್. ಪೇಟೆಯ ಹೊಲದ ದಾರಿಯಲ್ಲಿ ಓಡಾಡುವ ಟ್ರ್ಯಾಕ್ಟರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಮೂರನೆಯದು ಆಯುಸ್ಸು, ಸಾಧನವನ್ನೋ ಸಿಮ್ಮನ್ನೋ ನಾಳೆ ಬದಲಿಸಲು ಸಾಧ್ಯವೇ ಎಂಬುದೂ ಇದರಲ್ಲೇ ಸೇರಿದೆ. ನಾಲ್ಕನೆಯದು ಕಾನೂನು. ಐದನೆಯದು ಹಣ. ಹಣ ಎಂದಾಗ ಕೊಳ್ಳುವ ದಿನದ ಬೆಲೆಯನ್ನು ಮಾತ್ರ ನೋಡುವುದು ನಮ್ಮ ರೂಢಿ. ಟ್ರ್ಯಾಕರಿನ ವಿಷಯದಲ್ಲಿ ಎರಡನೇ ವರ್ಷದಿಂದ ಕಟ್ಟಬೇಕಾದ ಸಿಮ್ ಮತ್ತು ಸರ್ವರ್ ಶುಲ್ಕವೇ ಕೊನೆಗೆ ಸಾಧನದ ಬೆಲೆಯನ್ನು ಮೀರಿಸುವುದು.

ಜಾಲ ಮುಚ್ಚಿದಾಗ ಗಾಡಿಗೆ ಏನಾಗುತ್ತದೆ

ಆಯುಸ್ಸಿನ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1996ರಲ್ಲಿ ಕ್ಯಾಡಿಲಾಕ್ ಕಾರುಗಳ ಮೂಲಕ ಆನ್‌ಸ್ಟಾರ್ ಎಂಬ ಸೇವೆ ಆರಂಭಿಸಿತು. ಅಪಘಾತವಾದರೆ ಕಾರೇ ಕರೆ ಮಾಡುವ ವ್ಯವಸ್ಥೆ ಅದು. ಆರಂಭದ ಕಾರುಗಳಲ್ಲಿದ್ದದ್ದು ಮೊದಲ ತಲೆಮಾರಿನ ಅನಲಾಗ್ ಮೊಬೈಲ್. 2008ರಲ್ಲಿ ಅಲ್ಲಿನ ಕಂಪನಿಗಳಿಗೆ ಅನಲಾಗ್ ಜಾಲ ಮುಚ್ಚಲು ಅನುಮತಿ ಸಿಕ್ಕಿತು. ಡಿಜಿಟಲ್‌ಗೆ ಬದಲಿಸಲಾಗದ ಹಳೆಯ ಕಾರುಗಳಲ್ಲಿ ಆ ಸೇವೆ ನಿಂತುಹೋಯಿತು. ಕಾರು ಚೆನ್ನಾಗಿಯೇ ಇತ್ತು, ಅದರ ಬಾಯಿ ಮಾತ್ರ ಕಟ್ಟಿತು. 2022ರಲ್ಲಿ ಅದೇ ಕಥೆ ಮರುಕಳಿಸಿತು: ಎಟಿ ಅಂಡ್ ಟಿ ಕಂಪನಿ ಫೆಬ್ರವರಿಯಲ್ಲಿ 3ಜಿ ಮುಚ್ಚಿತು, ಬೇರೆ ಕಂಪನಿಗಳೂ ಅದೇ ವರ್ಷ ಮುಚ್ಚಿದವು, ಕೆಲವೇ ವರ್ಷ ಹಳೆಯದಾದ ಕಾರುಗಳಲ್ಲೂ ಜಾಲದ ಸೌಲಭ್ಯಗಳು ಇಲ್ಲವಾದವು.

ಯುರೋಪಿನವರು ಕಾನೂನನ್ನೇ ಬರೆದು ಇದೇ ತೊಡಕಿಗೆ ಸಿಲುಕಿದರು. 2018ರ ಮಾರ್ಚ್ 31ರಿಂದ ಅಲ್ಲಿನ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ. ಡಿಕ್ಕಿಯಾದರೆ ಕಾರು ತಾನಾಗಿ 112ಕ್ಕೆ ಕರೆ ಮಾಡಿ ಸ್ಥಳವನ್ನು ತಿಳಿಸಬೇಕು. ಆದರೆ ಆ ಮಾನದಂಡವನ್ನು ಕಟ್ಟಿದ್ದು 2ಜಿ ಮತ್ತು 3ಜಿಯ ಧ್ವನಿ ಕರೆಯ ಮೇಲೆ. ಈಗ ಅಲ್ಲಿ ಆ ಜಾಲಗಳು ಒಂದೊಂದಾಗಿ ಮುಚ್ಚುತ್ತಿವೆ, 4ಜಿ ಇ-ಕಾಲ್‌ಗೆ ಬೇರೆ ನಿಯಮ ಬರೆಯಬೇಕಾಯಿತು.

ನಮ್ಮಲ್ಲಿ ಕಥೆ ಸ್ವಲ್ಪ ಸೊಟ್ಟಗೆ ತಿರುಗಿತು. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯ ಸುಖ್ ರಾಮ್ ಅವರಿಗೆ ಮಾಡಿದ ಮೊದಲ ಮೊಬೈಲ್ ಕರೆ ಜಿಎಸ್‌ಎಂ, ಅಂದರೆ 2ಜಿ ಜಾಲದ್ದು. 3ಜಿ ಬಂದದ್ದು 2008ರ ಕೊನೆಗೆ, ಖಾಸಗಿ ಕಂಪನಿಗಳಿಂದ 2010ರ ಹರಾಜಿನ ನಂತರ. 4ಜಿ 2012ರಲ್ಲಿ ಕಾಲಿಟ್ಟು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಹಳ್ಳಿಹಳ್ಳಿಗೆ ಹರಡಿತು. 2022ರ ಅಕ್ಟೋಬರ್ 1ರಂದು 5ಜಿ. ಮೊದಲು ಬಂದದ್ದು ಮೊದಲು ಹೋಗಬೇಕಿತ್ತು. ಇಲ್ಲಿ ಮೊದಲು ಹೋದದ್ದು ನಡುವಿನ 3ಜಿ. ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಆರಂಭಿಸಿ ಅದನ್ನು ಮುಚ್ಚುತ್ತಾ ಬಂದಿತು. ಗುಂಡಿ ಮೊಬೈಲ್ ಬಳಸುವ ಕೋಟ್ಯಂತರ ಜನ ಇದ್ದುದರಿಂದ 2ಜಿ ಉಳಿದುಕೊಂಡಿತು. ಈ ಅಡ್ಡಾದಿಡ್ಡಿ ಇತಿಹಾಸದ ಫಲವಾಗಿ, ಯಾರಾದರೂ ಹಳೆಯ ದಾಸ್ತಾನಿನ 3ಜಿ ಟ್ರ್ಯಾಕರನ್ನು ‘2ಜಿಗಿಂತ ಮೇಲು’ ಎಂದು ಅಗ್ಗಕ್ಕೆ ಕೊಡಲು ಬಂದರೆ ನೀವು ಕೈಮುಗಿದು ಮುಂದೆ ಹೋಗಬಹುದು.

2ಜಿ ಟ್ರ್ಯಾಕರ್: ಅಗ್ಗ, ಸಾಕಾಗುವಷ್ಟು, ಆದರೆ

2ಜಿ ಎಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ಲೆಕ್ಕ. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಇಗ್ನಿಷನ್ ಆನ್ ಇದೆಯೇ ಎಂಬ ಒಂದು ಸಂದೇಶಕ್ಕೆ ನೂರು ಬೈಟ್ ಆಸುಪಾಸು ಸಾಕು. ಹತ್ತು ಸೆಕೆಂಡಿಗೊಂದರಂತೆ ದಿನವಿಡೀ ಕಳಿಸಿದರೂ 8,640 ಸಂದೇಶ, ಒಂದು ಎಂಬಿಗಿಂತ ಕಡಿಮೆ. ಸಂದೇಶದ ಜೊತೆಗೆ ಹೋಗುವ ಇತರ ಡೇಟಾ ಸೇರಿ ದುಪ್ಪಟ್ಟು ಎಂದುಕೊಂಡರೂ ತಿಂಗಳಿಗೆ 50 ಎಂಬಿ ಸುಮಾರು. ವಾಟ್ಸ್ಆ್ಯಪಿನಲ್ಲಿ ಬರುವ ಮದುವೆಯ ವಿಡಿಯೋ ಒಂದೆರಡಕ್ಕೆ ಅಷ್ಟು ಖರ್ಚಾಗುತ್ತದೆ. 2ಜಿಯಲ್ಲಿ ಡೇಟಾ ಸಾಗಿಸುವ ಜಿಪಿಆರ್‌ಎಸ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲಿ ಕೆಎಸ್‌ಆರ್‌ಟಿಸಿ ವಿಶ್ವಬ್ಯಾಂಕ್ ನೆರವಿನಿಂದ ತಂದ ಚತುರ ಸಾರಿಗೆ ವ್ಯವಸ್ಥೆಯಲ್ಲಿ, ಬಸ್ಸಿನ ಸಾಧನಗಳು ನಿಯಂತ್ರಣ ಕೊಠಡಿಗೆ ತಮ್ಮ ಜಾಗ ತಿಳಿಸುತ್ತಿದ್ದದ್ದು ಇದೇ ಜಿಪಿಆರ್‌ಎಸ್ ಮೂಲಕ. ನಿಲ್ದಾಣದ ಫಲಕದಲ್ಲಿ ಬಸ್ ಬರುವ ಸಮಯ ಕಾಣಿಸಲು ಅಷ್ಟು ಸಾಕಿತ್ತು.

2ಜಿಗೆ ಇನ್ನೊಂದು ಬಲವೂ ಇದೆ. ಅದು ಓಡುವ 900 ಮೆಗಾಹರ್ಟ್ಸ್ ತರಂಗ ದೂರ ಹೋಗುತ್ತದೆ, ಗೋಡೆಗಳನ್ನೂ ಒಂದಿಷ್ಟು ದಾಟುತ್ತದೆ.

‘ಆದರೆ’ ಎಂದು ಹೇಳಬೇಕಾದದ್ದು ಎರಡು ಕಾರಣಕ್ಕೆ. ಜಿಯೋ ಕಂಪನಿಗೆ ಮೊದಲಿನಿಂದಲೂ 2ಜಿ ಇಲ್ಲ. ಹಾಗಾಗಿ ನಿಮ್ಮ ಊರಿನಲ್ಲಿ ಚೆನ್ನಾಗಿ ಸಿಗುವುದು ಅದೊಂದೇ ಜಾಲವಾದರೆ ಈ ಸಾಧನ ನಿಮಗೆ ಕೆಲಸಕ್ಕೆ ಬಾರದು. ಎರಡನೆಯದಾಗಿ, ಉಳಿದ ಕಂಪನಿಗಳು ಕೈಯಲ್ಲಿರುವ ತರಂಗಾಂತರವನ್ನು ಸ್ವಲ್ಪಸ್ವಲ್ಪವಾಗಿ 2ಜಿಯಿಂದ ಕಿತ್ತು 4ಜಿಗೆ ಕೊಡುತ್ತಾ ಬಂದಿವೆ. ಜಾಲ ಮುಚ್ಚುವ ಮೊದಲೇ ಅದು ಸೊರಗುತ್ತದೆ. ಎರಡು ಮೂರು ವರ್ಷದ ಮಟ್ಟಿಗೆ, ಹಳೆಯ ಗಾಡಿಗೆ, ಕೈಯಲ್ಲಿ ಹಣ ಬಿಗಿಯಾಗಿದ್ದರೆ ತೆಗೆದುಕೊಳ್ಳಿ. ಹೊಸ ಗಾಡಿಗೆ ಬೇಡ.

4ಜಿ ಟ್ರ್ಯಾಕರ್: ಎಲ್ಲ 4ಜಿಯೂ ಒಂದೇ ಅಲ್ಲ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ, 4ಜಿ ಸಿಗದ ಕಡೆ 2ಜಿಗೂ ಇಳಿಯಬಲ್ಲ 4ಜಿ ಸಾಧನ. ಪೆಟ್ಟಿಗೆಯ ಮೇಲೆ ‘ಕ್ಯಾಟ್ 1’ ಅಥವಾ ‘ಕ್ಯಾಟ್ 1 ಬಿಸ್’ ಎಂದು ಬರೆದಿರುತ್ತದೆ. ಮೊಬೈಲ್ ಫೋನಿನ 4ಜಿಗಿಂತ ನಿಧಾನ, ಸೆಕೆಂಡಿಗೆ ಹೆಚ್ಚೆಂದರೆ 10 ಮೆಗಾಬಿಟ್. ಟ್ರ್ಯಾಕರಿಗೆ ಅದೇ ಅತಿಯಾಯಿತು. 5ಜಿ ಟ್ರ್ಯಾಕರ್ ಬೇಕೆನ್ನುವವರು ಒಂದು ಚೆಂಬು ನೀರಿಗೆ ವಿಶ್ವೇಶ್ವರಯ್ಯ ನಾಲೆಯನ್ನೇ ಮನೆಗೆ ತಿರುಗಿಸಲು ಹೊರಟವರು.

4ಜಿ ಎಂದು ಬರೆದಿದ್ದರೆ ಮುಗಿಯಿತೆಂದು ತಿಳಿಯಬೇಡಿ. ಭಾರತದಲ್ಲಿ 4ಜಿ ಹಲವು ತರಂಗಪಟ್ಟಿಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ ಹರಡಿದೆ: 850 ಮೆಗಾಹರ್ಟ್ಸ್‌ನದು ಬ್ಯಾಂಡ್ 5, 900ರದು ಬ್ಯಾಂಡ್ 8, 1800ರದು ಬ್ಯಾಂಡ್ 3, 2100ರದು ಬ್ಯಾಂಡ್ 1, 2300ರದು ಬ್ಯಾಂಡ್ 40. ಮೆಗಾಹರ್ಟ್ಸ್ ಕಡಿಮೆಯಾದಷ್ಟೂ ತರಂಗ ದೂರ ಹೋಗುತ್ತದೆ. 2300 ಪೇಟೆಯೊಳಗೆ ಚೆನ್ನ, ತೋಟದ ಮನೆಯ ಹಿಂದೆ ನಿಂತ ಗಾಡಿಗೆ ಅದನ್ನು ನಂಬಲಾಗದು. ಬೇರೆ ದೇಶದ ಮಾರುಕಟ್ಟೆಗೆಂದು ಮಾಡಿದ ಅಗ್ಗದ ಸಾಧನದಲ್ಲಿ ಬ್ಯಾಂಡ್ 5 ಇಲ್ಲದಿದ್ದರೆ ಜಿಯೋ ಸಿಮ್ ಹಾಕಿ ಹಳ್ಳಿಯಲ್ಲಿ ಪರದಾಡಬೇಕು. ಬಿಎಸ್‌ಎನ್‌ಎಲ್ ಸಿಮ್ ಬಯಸುವವರು ಬ್ಯಾಂಡ್ 1ರ ಜೊತೆಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಇದೆಯೇ ನೋಡಬೇಕು. 2025ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಉದ್ಘಾಟಿಸಿದ ಅದರ ಸ್ವದೇಶಿ 4ಜಿ ಜಾಲಕ್ಕೆ ಆ ಎರಡು ಬ್ಯಾಂಡ್‌ಗಳೇ ಆಧಾರ. ಅಂಗಡಿಯವನಿಗೆ ಇದು ಗೊತ್ತಿರದಿದ್ದರೆ ಸಾಧನದ ಮಾದರಿಯ ಹೆಸರನ್ನು ಬರೆದುಕೊಂಡು ನೀವೇ ತಯಾರಕರ ವಿವರಪಟ್ಟಿ ತೆಗೆದು ನೋಡಿ.

ಜಾಲ ಸಿಗದ ಕಡೆ ಸಾಧನ ಏನು ಮಾಡುತ್ತದೆ ಎಂಬುದೂ ಇಷ್ಟೇ ಮುಖ್ಯ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವ ಲಾರಿಯನ್ನು ತೆಗೆದುಕೊಳ್ಳಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಚಾಲಕ 9ರೊಳಗೆ ಚೆಕ್‌ಪೋಸ್ಟ್ ದಾಟಿದನೇ ಎಂಬುದು ಮಾಲೀಕನಿಗೆ ಬೇಕಾದ ಸುದ್ದಿ. ಕಾಡಿನೊಳಗೆ ಜಾಲ ಕೈಕೊಡುವುದು ಸಾಮಾನ್ಯ. ಒಳ್ಳೆಯ ಸಾಧನ ಆ ಹೊತ್ತಿನ ಜಾಡನ್ನೆಲ್ಲ ತನ್ನ ನೆನಪಿನಲ್ಲಿಟ್ಟುಕೊಂಡು, ಟವರ್ ಸಿಕ್ಕ ಕೂಡಲೇ ಒಟ್ಟಿಗೆ ಕಳಿಸುತ್ತದೆ. ಕಳಪೆಯದು ಅಷ್ಟನ್ನೂ ಮರೆತು, ಗುಂಡ್ಲುಪೇಟೆಯಿಂದ ಬತ್ತೇರಿಗೆ ನಕ್ಷೆಯ ಮೇಲೆ ಒಂದು ನೇರ ಗೆರೆ ಎಳೆದುಬಿಡುತ್ತದೆ. ಈ ಒಂದು ಗುಣಕ್ಕಾಗಿ ಹೆಚ್ಚು ಹಣ ಕೊಡುವುದು ನ್ಯಾಯವೆಂದು ನನಗನ್ನಿಸುತ್ತದೆ.

ಬೆಲೆ ಸಾಮಾನ್ಯವಾಗಿ ಮೂರರಿಂದ ಐದು ಸಾವಿರದ ನಡುವೆ. ಗಾಡಿಯೊಳಗಿನ ಕ್ಯಾಮೆರಾ ಮೊಬೈಲಿನಲ್ಲಿ ನೇರವಾಗಿ ಕಾಣಬೇಕು ಎನ್ನುವವರಿಗೆ ಲೆಕ್ಕ ಬೇರೆಯಾಗುತ್ತದೆ. ಸೆಕೆಂಡಿಗೆ ಒಂದು ಮೆಗಾಬಿಟ್‌ನ ಸಾಧಾರಣ ವಿಡಿಯೋ ಕೂಡ ಗಂಟೆಗೆ 450 ಎಂಬಿ ನುಂಗುತ್ತದೆ. ಶಾಲಾ ವಾಹನಕ್ಕೆ ಅದು ಬೇಕಾಗಬಹುದು. ಕಬ್ಬಿನ ಲಾರಿಗೆ ಏಕೆ?

ಎನ್‌ಬಿ-ಐಒಟಿ ಎಂಬ, ಸಣ್ಣ ಸಾಧನಗಳಿಗೆಂದೇ ಇರುವ ಮೊಬೈಲ್ ಜಾಲದ ಹೆಸರನ್ನೂ ನೀವು ಕೇಳಿರಬಹುದು. ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ ಎಂದು ಮಾರುತ್ತಾರೆ, ಅದು ನಿಜವೇ. ಆದರೆ ಅದನ್ನು ರೂಪಿಸಿದ್ದು ನೀರಿನ ಮೀಟರಿನಂಥ ನಿಂತಲ್ಲೇ ನಿಲ್ಲುವ ವಸ್ತುಗಳಿಗೆ. ಓಡುತ್ತಿರುವಾಗ ಒಂದು ಟವರಿನಿಂದ ಇನ್ನೊಂದಕ್ಕೆ ಸಂಪರ್ಕ ಕಡಿಯದೆ ದಾಟಿಸುವ ಏರ್ಪಾಡು ಅದರ ಮೂಲ ಮಾನದಂಡದಲ್ಲಿ ಇಲ್ಲ. ಗಾಡಿಗೆ ಬೇಡ, ಹೊಲದ ಪಂಪಿಗೆ ಬೇಕಾದರೆ ಯೋಚಿಸಿ.

ಹಳದಿ ಬೋರ್ಡಿನವರಿಗೆ ಆಯ್ಕೆಯ ಮಾತೇ ಬೇರೆ

ಪ್ರಯಾಣಿಕರನ್ನು ಒಯ್ಯುವ ಪರ್ಮಿಟ್ ವಾಹನಗಳಿಗೆ ಎಐಎಸ್-140 ಮಾನದಂಡದ, ವಾಹನದ ಜಾಗ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಬೇಕೆಂದು ಕೇಂದ್ರದ ನಿಯಮವಿದೆ. 2019ರ ಜನವರಿ 1ರಿಂದ ನೋಂದಣಿಯಾದ ಹೊಸ ವಾಹನಗಳಿಗೆ ಅದು ಅನ್ವಯ. ದ್ವಿಚಕ್ರ ವಾಹನ, ಆಟೊ, ಇ-ರಿಕ್ಷಾಗಳಿಗೆ ಕೇಂದ್ರದ ನಿಯಮದಲ್ಲಿ ವಿನಾಯಿತಿ ಇದೆ. ನ್ಯಾಷನಲ್ ಪರ್ಮಿಟ್ ಲಾರಿಯವರು ಮತ್ತು ಹಳೆಯ ಟ್ಯಾಕ್ಸಿಯವರು ಎಫ್‌ಸಿ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಸಾಧನವನ್ನು ಸಾರಿಗೆ ಇಲಾಖೆ ಒಪ್ಪಿದ ಕಂಪನಿಗಳ ಪಟ್ಟಿಯಿಂದಲೇ ಆರಿಸಬೇಕು.

ಈ ಸಾಧನ ತಾಂತ್ರಿಕವಾಗಿ ಗಟ್ಟಿ. ಸಿಮ್ ಒಳಗೇ ಬೆಸೆದಿರುತ್ತದೆ, ಒಂದು ಕಂಪನಿಯ ಜಾಲ ಸಿಗದಿದ್ದರೆ ಇನ್ನೊಂದಕ್ಕೆ ಹೊರಳುತ್ತದೆ. ಗಾಡಿಯ ಬ್ಯಾಟರಿ ಕಿತ್ತರೂ ನಾಲ್ಕು ಗಂಟೆ ನಡೆಯುವ ಒಳ ಬ್ಯಾಟರಿ ಇರಬೇಕೆಂದು ಮಾನದಂಡ ಹೇಳುತ್ತದೆ. ಅದರ ಮೊದಲ ನಿಷ್ಠೆ ಸರ್ಕಾರದ ನಿಯಂತ್ರಣ ಕೇಂದ್ರಕ್ಕೆ; ಮಾಲೀಕರಿಗೆ ಸಿಗುವ ಆ್ಯಪ್ ಕಂಪನಿಯಿಂದ ಕಂಪನಿಗೆ ಚೆನ್ನಾಗಿಯೂ ಇರಬಹುದು, ಕಾಟಾಚಾರಕ್ಕೂ ಇರಬಹುದು. ಹಾಗಾಗಿ ಪಟ್ಟಿಯಲ್ಲಿರುವ ಎರಡು ಮೂರು ಕಂಪನಿಗಳ ಆ್ಯಪ್‌ಗಳನ್ನು ಬೇರೆ ಟ್ಯಾಕ್ಸಿಯವರ ಮೊಬೈಲಿನಲ್ಲಿ ನೋಡಿ ಆಮೇಲೆ ಆರಿಸಿ. ಆ್ಯಪ್ ಚೆನ್ನಾಗಿದ್ದರೆ ಎರಡನೇ ಟ್ರ್ಯಾಕರಿಗೆ ಹಣ ಸುರಿಯುವುದು ದಂಡ.

ಕಾರಿನೊಳಗೇ ಹುಟ್ಟಿ ಬರುವ ಸಿಮ್

2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಕಾರುಗಳು ಇ-ಸಿಮ್ ಜೊತೆಗೆ ಬಂದ ಮೇಲೆ ಇದು ನಮ್ಮ ಮಧ್ಯಮ ವರ್ಗದ ಮನೆಗೂ ತಲುಪಿತು. ಮೊಬೈಲಿನಿಂದ ಎಸಿ ಹಾಕುವುದು, ಬಾಗಿಲು ಹಾಕಿದೆಯೇ ನೋಡುವುದು, ಅಪಘಾತವಾದರೆ ಸಹಾಯ ಕೇಂದ್ರಕ್ಕೆ ಕರೆ ಹೋಗುವುದು, ಕದ್ದೊಯ್ದರೆ ಎಂಜಿನ್ ತಡೆಯುವುದು. ಹೊರಗಿನಿಂದ ಯಾವ ತಂತಿಯನ್ನೂ ಕತ್ತರಿಸಬೇಕಿಲ್ಲ, ವಾರಂಟಿಗೆ ತೊಂದರೆಯಿಲ್ಲ.

ತೂಕದ ಇನ್ನೊಂದು ತಟ್ಟೆಯಲ್ಲಿ ಇರುವುದು ಇದು: ಸೇವೆ ಕೆಲವು ವರ್ಷ ಮಾತ್ರ ಉಚಿತ (ವೆನ್ಯೂಗೆ ಮೂರು ವರ್ಷ ಎಂದಿದ್ದರು), ಆಮೇಲೆ ಚಂದಾ. ಯಾವ ಕಂಪನಿಯ ಸಿಮ್ ಇರಬೇಕೆಂದು ಕಾರು ತಯಾರಕ ತೀರ್ಮಾನಿಸುತ್ತಾನೆ. ನಿಮ್ಮ ಊರಿನಲ್ಲಿ ಆ ಜಾಲ ಸಿಗದಿದ್ದರೆ ನೀವು ಸಿಮ್ ಬದಲಿಸಲಾರಿರಿ. ಹತ್ತು ವರ್ಷದ ನಂತರ ಕಾರಿನ ಒಳಗೆ ಜಾಲ ಹಿಡಿಯುವ ಮೋಡೆಮ್ ಹಳತಾದರೆ ಅದನ್ನು ಬದಲಿಸಿಕೊಡುತ್ತಾರೆಯೇ ಎಂಬ ಪ್ರಶ್ನೆಗೆ ಷೋರೂಮಿನ ಹುಡುಗ ನಗುತ್ತಾನೆ. ಅಮೆರಿಕದ ಕಥೆ ಹೇಳಿದ್ದು ಇದಕ್ಕಾಗಿಯೇ. ನೀವು ಐದಾರು ವರ್ಷಕ್ಕೊಮ್ಮೆ ಕಾರು ಬದಲಿಸುವವರಾದರೆ ಹೆಚ್ಚಿನ ಹಣ ಕೊಟ್ಟರೂ ಸಾರ್ಥಕ. ತಂದೆಯ ಕಾಲದ ಕಾರನ್ನು ಮಗನಿಗೆ ಕೊಡುವ ಮನೆಯಾದರೆ, ಆ ಹಣವನ್ನು ಒಳ್ಳೆಯ ಬ್ರೇಕು, ಏರ್‌ಬ್ಯಾಗು ಇರುವ ಮಾದರಿಗೆ ಹಾಕಿ, ಜಾಲದ ಕೆಲಸವನ್ನು ಬದಲಿಸಬಹುದಾದ ಟ್ರ್ಯಾಕರಿಗೆ ಬಿಡಿ.

ಚಾಲಕನಿಗೆ ನೆರವಾಗುವ ಅಡಾಸ್ ಎಂಬುದನ್ನು ಇದರೊಂದಿಗೆ ಬೆರೆಸಬೇಡಿ. ಲೇನ್ ತಪ್ಪಿದರೆ ಎಚ್ಚರಿಸುವುದು, ತಾನೇ ಬ್ರೇಕ್ ಹಾಕುವುದು ಕಾರಿನ ಕ್ಯಾಮೆರಾ ಮತ್ತು ರೇಡಾರ್ ಕೆಲಸ. ಜಾಲ ಇಲ್ಲದಿದ್ದರೂ ಅದು ನಡೆಯುತ್ತದೆ.

ಕಾಸಿಲ್ಲದ ದಾರಿಗಳು

ಚಾಲಕನ ಮೊಬೈಲಿನಿಂದ ಗೂಗಲ್ ಮ್ಯಾಪ್‌ನಲ್ಲಿ ಜಾಗ ಹಂಚಿಕೊಳ್ಳುವುದು ಉಚಿತ. ಮನೆಯ ಮಗಳು ರಾತ್ರಿ ಸ್ಕೂಟರಿನಲ್ಲಿ ಬರುತ್ತಿದ್ದಾಳೆ ಎಂದರೆ ಇದೇ ಸಾಕು, ಬೇರೆ ಸಾಧನ ಬೇಡ. ಚಾಲಕ ಸಂಬಳದವನಾದರೆ ಮೊಬೈಲ್ ಆಫ್ ಆಗುವ ಹೊತ್ತಿಗೂ ಗಾಡಿ ದಾರಿ ತಪ್ಪುವ ಹೊತ್ತಿಗೂ ಏನೋ ನಂಟು ಇರುತ್ತದೆ, ಬಿಡಿ.

ಫಾಸ್ಟ್ಯಾಗನ್ನು ಟ್ರ್ಯಾಕರ್ ಎಂದು ಯಾರೂ ಎಣಿಸುವುದಿಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಸಿಮ್ಮೂ ಇಲ್ಲ. ಟೋಲಿನ ರೀಡರ್ 865–867 ಮೆಗಾಹರ್ಟ್ಸ್ ತರಂಗ ಕಳಿಸಿದಾಗ ಅದರ ಬಲದಿಂದಲೇ ಉತ್ತರ ಕೊಡುವ ಚೀಟಿ ಅದು. ಆದರೂ ಗಣಂಗೂರು ಟೋಲಿನಲ್ಲಿ ಹಣ ಕಡಿತವಾದ ಎಸ್ಸೆಮ್ಮೆಸ್ ಬಂದರೆ ಲಾರಿ ಎಲ್ಲಿದೆ ಎಂದು ತಿಳಿಯಿತಲ್ಲ! ಹೆದ್ದಾರಿಯಲ್ಲೇ ಓಡುವ ಒಂದು ಗಾಡಿಯ ಮಾಲೀಕನಿಗೆ ಮೊದಲ ವರ್ಷ ಅಷ್ಟರಲ್ಲೇ ಕಳೆದೀತು.

ಗಾಡಿ ಗಾಡಿ ಮಾತನಾಡುವ ಕಾಲ

ಈಗ 5ಜಿ ಕಾರಿಗೆ ಕಾಯೋಣ ಎಂದ ಕಾಲೇಜು ಹುಡುಗನ ಮಾತಿಗೆ. ಟವರಿನ ಹಂಗಿಲ್ಲದೆ ಕಾರೊಂದು ಪಕ್ಕದ ಕಾರಿಗೆ ನೇರವಾಗಿ ‘ನಾನು ಬ್ರೇಕ್ ಹಾಕಿದೆ’ ಎಂದು ಸೆಕೆಂಡಿಗೆ ಹತ್ತು ಬಾರಿ ಹೇಳುವ ತಂತ್ರಜ್ಞಾನ ಜಗತ್ತಿನಲ್ಲಿ ಇದೆ. ದಶಪಥದಲ್ಲಿ ಮಂಜು ಕವಿದ ಬೆಳಿಗ್ಗೆ ಸರಣಿ ಡಿಕ್ಕಿ ತಪ್ಪಿಸಬಲ್ಲದ್ದು ಅದೇ. ಅದಕ್ಕಿರುವುದು ಎರಡು ಮನೆತನ. ಒಂದು ವೈ-ಫೈ ಕುಲದ 802.11ಪಿ, 2010ರಲ್ಲಿ ಮಾನದಂಡವಾದದ್ದು. ಇನ್ನೊಂದು ಮೊಬೈಲ್ ಕುಲದ ಸಿ-ವಿ2ಎಕ್ಸ್, 2017ರ 4ಜಿ ಮಾನದಂಡದಲ್ಲಿ ಮೊದಲು ಬಂದು, 2020ರಲ್ಲಿ ಪೂರ್ಣಗೊಂಡ ಆವೃತ್ತಿಯಲ್ಲಿ 5ಜಿ ರೂಪ ಪಡೆದದ್ದು. ಎರಡೂ 5.9 ಗಿಗಾಹರ್ಟ್ಸ್ ಆಸುಪಾಸಿನ ತರಂಗವನ್ನೇ ಬಯಸುತ್ತವೆ, ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯದು.

ಈ ಜಗಳ ಹೇಗೆ ನಡೆಯಿತೆಂದು ತಿಳಿದರೆ ಅವಸರ ತಾನಾಗಿ ಇಳಿಯುತ್ತದೆ. ಅಮೆರಿಕ 1999ರಲ್ಲೇ ವಾಹನಗಳಿಗೆಂದು 75 ಮೆಗಾಹರ್ಟ್ಸ್ ಮೀಸಲಿಟ್ಟಿತು. ಎರಡು ದಶಕ ಕಾದರೂ ಅದನ್ನು ಬಳಸುವ ಕಾರುಗಳು ಬೆರಳೆಣಿಕೆಯಷ್ಟು. 2017ರ ಕ್ಯಾಡಿಲಾಕ್ ಸಿಟಿಎಸ್ ಅಂಥದ್ದೊಂದು. 2020ರಲ್ಲಿ ಅಲ್ಲಿನ ಸಂವಹನ ಆಯೋಗ ಬೇಸತ್ತು 45 ಮೆಗಾಹರ್ಟ್ಸ್ ಕಿತ್ತು ವೈ-ಫೈಗೆ ಕೊಟ್ಟಿತು, ಉಳಿದ 30ನ್ನು ಸಿ-ವಿ2ಎಕ್ಸ್‌ಗೆ ತಿರುಗಿಸಿತು. ಮೊದಲು ಕೊಂಡವರ ಕಾರಿನ ರೇಡಿಯೊ ಯಾರೂ ಆಡದ ಭಾಷೆಯದಾಯಿತು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ 2019ರ ಗಾಲ್ಫ್ ಕಾರಿಗೆ 802.11ಪಿಯನ್ನೇ ಹಾಕಿತು. ಚೀನಾ ಸಿ-ವಿ2ಎಕ್ಸ್ ಹಿಡಿಯಿತು.

ಇದರಲ್ಲಿ ಮೊದಲು ಕೊಂಡವನಿಗೆ ಲಾಭವಿಲ್ಲ. ನಿಮ್ಮ ಕಾರಿನಲ್ಲಿ ಇದ್ದು, ಮುಂದಿನ ಬಸ್ಸಿನಲ್ಲಿ, ಪಕ್ಕದ ಲಾರಿಯಲ್ಲಿ ಇಲ್ಲದಿದ್ದರೆ ಅದು ಯಾರೊಂದಿಗೆ ಮಾತನಾಡೀತು? ಸರ್ಕಾರ ಎಲ್ಲ ವಾಹನಕ್ಕೂ ಒಂದೇ ಮಾನದಂಡ ಎಂದು ಕಡ್ಡಾಯ ಮಾಡಿದ ದಿನ ಅದು ತಾನಾಗಿ ನಿಮ್ಮ ಹೊಸ ಕಾರಿನಲ್ಲಿ ಬರುತ್ತದೆ. ಅದಕ್ಕಾಗಿ ಕಾಯುತ್ತಾ ಹಳೆಯ ಕಾರಿನ ಸವೆದ ಟೈರಿನಲ್ಲಿ ಓಡಾಡುವುದು ಮಾತ್ರ ಅಪಾಯ.

5ಜಿ ಜಾಲವನ್ನೇ ಬಳಸುವ ಸಣ್ಣ ಸಾಧನಗಳಿಗೆಂದು ರೆಡ್‌ಕ್ಯಾಪ್ ಎಂಬ ಹಗುರ ರೂಪವೂ 2022ರ ಮಾನದಂಡದಲ್ಲಿ ಬಂದಿದೆ. ಮುಂದಿನ ಟ್ರ್ಯಾಕರುಗಳು ಆ ದಾರಿ ಹಿಡಿಯಬಹುದು. ಇಂದಿನ ಖರೀದಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಯಾರಿಗೆ ಯಾವುದು

ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ 2ಜಿಗೆ ಇಳಿಯಬಲ್ಲ ಸಾದಾ 4ಜಿ ಟ್ರ್ಯಾಕರ್. ಹಂಗಾಮಿನಾಚೆ ಗಾಡಿ ನಿಂತಿರುವ ತಿಂಗಳುಗಳಲ್ಲಿ ಬ್ಯಾಟರಿ ಹೀರದಂತೆ ನಿದ್ರಿಸುವ ಗುಣ ಅದರಲ್ಲಿರಲಿ. 2023ರ ಆಗಸ್ಟ್‌ನಿಂದ ದಶಪಥದ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್, ಬೈಕ್, ಆಟೊಗಳಿಗೆ ಪ್ರವೇಶವಿಲ್ಲ, ಓಡಾಟವೆಲ್ಲ ಸರ್ವಿಸ್ ರಸ್ತೆ ಮತ್ತು ಊರ ದಾರಿಗಳಲ್ಲಿ. ಆದ್ದರಿಂದ ಕಡಿಮೆ ಮೆಗಾಹರ್ಟ್ಸ್‌ನ, ದೂರ ಹೋಗುವ ಬ್ಯಾಂಡ್‌ಗಳು ಇರಲೇಬೇಕು. ಮದ್ದೂರಿನಿಂದ ಮುಂಬೈ, ದೆಹಲಿಗೆ ಎಳನೀರು ಒಯ್ಯುವ ಲಾರಿಗೆ ಒಂದೇ ಕಂಪನಿಯ ಸಿಮ್ ಸಾಲದು. ಹಲವು ಜಾಲ ಹಿಡಿಯುವ, ಯಂತ್ರಗಳಿಗೆಂದೇ ಕೊಡುವ ಹದಿಮೂರು ಅಂಕಿಯ ಎಂ2ಎಂ ಸಿಮ್ ಇರುವ 4ಜಿ ಸಾಧನವೇ ಸರಿ. ಎಳನೀರು ಕೆಡುವ ಸರಕು, ಲಾರಿ ಎಲ್ಲಿ ನಿಂತಿದೆ ಎಂಬುದರ ಮೇಲೆ ಆ ಕಡೆಯ ವ್ಯಾಪಾರಿಯ ದರ ನಿಂತಿರುತ್ತದೆ. ಮೈಸೂರಿನ ಟ್ಯಾಕ್ಸಿಗೆ ಎಐಎಸ್-140 ಒಂದೇ ಸಾಕು. ಹಳೆಯ ಬೈಕಿಗೆ, ಪೇಟೆಯೊಳಗೇ ಓಡುವ ಹಳೆಯ ಓಮ್ನಿಗೆ, ಮಾರುವ ಯೋಚನೆಯಿರುವ ಗಾಡಿಗೆ 2ಜಿ ಸಾಕು.

ದೂರದಿಂದಲೇ ಎಂಜಿನ್ ಕಟ್ ಮಾಡುವ ಸ್ವಿಚ್ಚಿನ, ಅಂದರೆ ರಿಲೇ ಬಗ್ಗೆ ಒಂದು ಎಚ್ಚರಿಕೆ. ಬಹಳ ಅಂಗಡಿಗಳು ಅದನ್ನೇ ದೊಡ್ಡ ಆಕರ್ಷಣೆಯಾಗಿ ತೋರಿಸುತ್ತವೆ. ಓಡುತ್ತಿರುವ ಗಾಡಿಯ ಎಂಜಿನ್ ದೂರದಿಂದ ಆರಿಸಿದರೆ ಪವರ್ ಸ್ಟೀರಿಂಗ್ ಕೈಕೊಡುತ್ತದೆ, ಬ್ರೇಕಿನ ಬೂಸ್ಟರ್ ಸೋಲುತ್ತದೆ. ನಿಂತಿರುವಾಗ ಮಾತ್ರ ಕೆಲಸ ಮಾಡುವಂತೆ ಹೊಂದಿಸಲು ಬರದಿದ್ದರೆ ಆ ತಂತಿಯನ್ನು ಜೋಡಿಸಲೇಬೇಡಿ.

ಕೊಳ್ಳುವ ಮೊದಲು ನಿಮ್ಮ ದಾರಿಯನ್ನು ನೀವೇ ಪರೀಕ್ಷಿಸಬಹುದು. ಹಾಕಬೇಕೆಂದಿರುವ ಕಂಪನಿಯ ಸಿಮ್ ಇರುವ ಮೊಬೈಲಿನ ಸೆಟ್ಟಿಂಗ್‌ನಲ್ಲಿ ‘2ಜಿ ಮಾತ್ರ’ ಎಂದು ಆರಿಸಿ ಗಾಡಿ ಓಡುವ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಮತ್ತೊಮ್ಮೆ 4ಜಿಯಲ್ಲಿ ಹೋಗಿ. ಕಂಪನಿಗಳ ನಕ್ಷೆಯ ಬಣ್ಣಕ್ಕಿಂತ ಇದು ನಂಬಲರ್ಹ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಎರಡನೇ ವರ್ಷದ ಶುಲ್ಕ ಎಷ್ಟು, ಸಿಮ್ ಯಾರ ಹೆಸರಿನಲ್ಲಿರುತ್ತದೆ, ನಾಳೆ ನಿಮ್ಮ ಆ್ಯಪ್ ನಿಂತುಹೋದರೆ ಇದೇ ಸಾಧನವನ್ನು ಬೇರೆ ಸರ್ವರಿಗೆ ತಿರುಗಿಸಲು ಬರುತ್ತದೆಯೇ. ಮೂರನೆಯದಕ್ಕೆ ‘ಬರುವುದಿಲ್ಲ’ ಎಂದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಉತ್ತರಗಳು ಸರಿಯೆನಿಸಿದರೆ ಮಾದರಿಯ ಹೆಸರು, ಸಾಧನದ ಗುರುತಾದ ಐಎಂಇಐ ಸಂಖ್ಯೆ, ಸಿಮ್ ಸಂಖ್ಯೆ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗಾಡಿ ಮಾರುವಾಗ ಸಿಮ್ಮಿನ ಹೆಸರು ಬದಲಿಸಲು ಆ ಬಿಲ್ಲು ಬೇಕಾಗಬಹುದು.